ಲಸಿಕೆಯ ದಿನ ಕೂಸಿನ ತಲೆಯನ್ನೂ ಅಳೆಯಿರಿ

ಮಾನ್ಯ ಸಂಪಾದಕರೇ,

ಯಾದಗಿರಿ ಜಿಲ್ಲೆಯ ಉಪಕೇಂದ್ರಗಳಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದ ನಾನು, ನಮ್ಮ ಓಣಿಯ ಒಂದು ಕೂಸಿನ ನೆಪದಲ್ಲಿ ಈ ಪತ್ರ ಬರೆಯುತ್ತಿದ್ದೇನೆ. ಹುಟ್ಟಿದಾಗ ಅದರ ತಲೆ ಎಲ್ಲ ಕೂಸುಗಳಂತೆಯೇ ಇತ್ತು. ಎರಡು ತಿಂಗಳು ತುಂಬುವಷ್ಟರಲ್ಲಿ ಹೊಲಿಸಿದ ಕುಲಾವಿ ಬಿಗಿಯಾಯಿತು, ನೆತ್ತಿ ಉಬ್ಬಿತು, ಹಣೆಯ ನರಗಳು ಎದ್ದು ಕಾಣತೊಡಗಿದವು. ಹಿರಿಯರು ಇದನ್ನು ಬುದ್ಧಿವಂತನಾಗುವ ಲಕ್ಷಣವೆಂದರು. ಕೆಲವರು ದೃಷ್ಟಿಯಾಗಿದೆಯೆಂದು ನಿವಾಳಿಸಿದರು. ಕಣ್ಣಗುಡ್ಡೆಗಳು ಕೆಳಕ್ಕೆ ಜಾರಿ ಮೇಲಿನ ಬಿಳಿ ಕಾಣಿಸಿದ ಮೇಲೆಯೇ ಅದನ್ನು ಹೈದರಾಬಾದಿಗೆ ಒಯ್ದದ್ದು. ಆಗ ಅದಕ್ಕೆ ನಾಲ್ಕು ತಿಂಗಳು. ಮಿದುಳಿನೊಳಗೆ ದ್ರವ ತುಂಬಿಕೊಳ್ಳುವ ಈ ತೊಂದರೆಗೆ ವೈದ್ಯರು ಹೈಡ್ರೋಸೆಫಲಸ್ ಎನ್ನುತ್ತಾರೆ.

ಈ ನಡುವೆ 6, 10 ಮತ್ತು 14ನೇ ವಾರದ ಲಸಿಕೆಗಳು ತಪ್ಪದೆ ಆಗಿದ್ದವು. ಮೂರು ಸಲವೂ ತೂಕ ಬರೆದಿದ್ದರು, ತಲೆಯ ಸುತ್ತಳತೆಯನ್ನು ಒಮ್ಮೆಯೂ ಬರೆದಿರಲಿಲ್ಲ. ಯಾರನ್ನೂ ದೂರುವ ಉದ್ದೇಶ ನನಗಿಲ್ಲ, ಏಕೆಂದರೆ ನಾನೇ ಎಷ್ಟೋ ಕೂಸುಗಳನ್ನು ಹಾಗೆಯೇ ಮನೆಗೆ ಕಳುಹಿಸಿದ್ದೇನೆ. ಹುಬ್ಬಿನ ಮೇಲಿನಿಂದ ಹಿಂದಲೆಯ ಉಬ್ಬಿನ ಸುತ್ತ ಟೇಪು ಹಿಡಿಯಲು ಅರ್ಧ ನಿಮಿಷ ಸಾಕು. ತಿಂಗಳು ತುಂಬಿ ಹುಟ್ಟಿದ ಕೂಸಿನ ತಲೆ ಸುಮಾರು 33ರಿಂದ 36 ಸೆಂ.ಮೀ. ಇರುತ್ತದೆ, ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂ.ಮೀ., ಆಮೇಲಿನ ಮೂರು ತಿಂಗಳು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಇದನ್ನು ಮೀರಿ ಓಡುವ ಅಳತೆ ಉಬ್ಬಿದ ನೆತ್ತಿಗಿಂತ ಮೊದಲೇ ಎಚ್ಚರಿಸಬಲ್ಲದು.

ಮಿದುಳಿನ ಒಳಗಿನ ಕುಹರಗಳಲ್ಲಿ ದಿನವೂ ಹುಟ್ಟುವ ದ್ರವ ಕಿರಿದಾದ ಕಾಲುವೆಗಳಲ್ಲಿ ಹರಿದು ಹೊರಬಂದು ರಕ್ತಕ್ಕೆ ಸೇರಬೇಕು. ಆ ಕಾಲುವೆ ಹುಟ್ಟಿನಿಂದಲೇ ಇಕ್ಕಟ್ಟಾಗಿದ್ದರೆ, ಕಿರುಮಿದುಳು ಸರಿಯಾಗಿ ರೂಪುಗೊಳ್ಳದ ಡ್ಯಾಂಡಿ-ವಾಕರ್ ದೋಷವಿದ್ದರೆ, ಅಥವಾ ಬೆನ್ನಹುರಿ ತೆರೆದುಕೊಂಡು ಹುಟ್ಟಿದ ಕೂಸಿನಲ್ಲಿ ಮಿದುಳಿನ ಕೆಳಭಾಗ ಕತ್ತಿನೊಳಕ್ಕೆ ಜಾರಿದ್ದರೆ ದ್ರವ ಒಳಗೇ ನಿಂತು ಮಿದುಳನ್ನು ಒತ್ತುತ್ತದೆ. ಶಸ್ತ್ರಚಿಕಿತ್ಸೆ ಈ ಒತ್ತಡವನ್ನು ಇಳಿಸುತ್ತದೆಯೇ ಹೊರತು ಮೂಲ ದೋಷವನ್ನು ಸರಿಪಡಿಸುವುದಿಲ್ಲ. ಇದನ್ನು ತಂದೆತಾಯಿಗೆ ಮೊದಲೇ ಬಿಡಿಸಿ ಹೇಳುವ ವೈದ್ಯರು ಕಡಿಮೆಯೆಂಬುದು ನನ್ನ ಅನುಭವ.

ಸಾಮಾನ್ಯವಾಗಿ ಹಾಕುವುದು ಷಂಟ್, ಅಂದರೆ ಕುಹರದಿಂದ ಕಿವಿಯ ಹಿಂದೆ, ಕತ್ತು ಮತ್ತು ಎದೆಯ ಚರ್ಮದಡಿಯಲ್ಲಿ ಹಾದು ಹೊಟ್ಟೆಯೊಳಕ್ಕೆ ದ್ರವ ಸಾಗಿಸುವ, ನಡುವೆ ವಾಲ್ವ್ ಇರುವ ಸಿಲಿಕೋನ್ ನಳಿಕೆ. ಇನ್ನೊಂದು ದಾರಿಯೆಂದರೆ ದುರ್ಬೀನಿನ (ಎಂಡೋಸ್ಕೋಪಿನ) ಸಹಾಯದಿಂದ ಮೂರನೇ ಕುಹರದ ತಳದಲ್ಲಿ ರಂಧ್ರ ಮಾಡುವುದು. ಆದರೆ ಆರು ತಿಂಗಳೊಳಗಿನ ಕೂಸುಗಳಲ್ಲಿ ಇದೊಂದೇ ಫಲಿಸುವುದು ಕಡಿಮೆ. ಉಗಾಂಡದ ಎಂಬಾಲೆಯಲ್ಲಿ ಡಾ. ಬೆಂಜಮಿನ್ ವಾರ್ಫ್ ಅವರು ಇದರ ಜೊತೆಗೆ ದ್ರವ ಸ್ರವಿಸುವ ಅಂಗಾಂಶವನ್ನೂ ಸುಡುವ ಕ್ರಮವನ್ನು ಬೆಳೆಸಿದರು. ಷಂಟ್ ಮುಚ್ಚಿಹೋದ ಮಗು ಹಳ್ಳಿಯಿಂದ ಆಸ್ಪತ್ರೆ ತಲುಪುವ ಮೊದಲೇ ಸಾಯಬಹುದೆಂಬ ಭಯವೇ ಅದರ ಹಿಂದಿತ್ತು. ಆ ಭಯ ನಮ್ಮ ಸುರಪುರ, ಚಿಂಚೋಳಿ, ಔರಾದಗಳಿಗೂ ಹೊರತಲ್ಲ.

ಚಿಕ್ಕ ಮಕ್ಕಳ ಹತ್ತು ಷಂಟ್‌ಗಳಲ್ಲಿ ಸುಮಾರು ನಾಲ್ಕು ಎರಡು ವರ್ಷದೊಳಗೆ ಕೆಡುತ್ತವೆ. ನಮ್ಮ ಓಣಿಯ ಮಗುವಿಗೂ ಒಂದೂವರೆ ವರ್ಷಕ್ಕೆ ಹಾಗೆಯೇ ಆಯಿತು. ಭೇದಿಯಿಲ್ಲ, ಬರೀ ವಾಂತಿ ಮತ್ತು ಎಬ್ಬಿಸಿದರೂ ಏಳದ ಮಂಪರು. ಹತ್ತಿರದ ಆಸ್ಪತ್ರೆಯೊಂದರಲ್ಲಿ ಅಜೀರ್ಣವೆಂದು ಎರಡು ದಿನ ಸಲೈನ್ ಹಾಕಿದರು. ತಲೆಯಲ್ಲಿ ನಳಿಕೆಯಿದೆಯೆಂದು ತಾಯಿ ಹೇಳಿದ್ದಳು, ಆದರೆ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಮತ್ತೆ ಹೈದರಾಬಾದೇ ಗತಿಯಾಯಿತು. ಮಗು ಉಳಿದಿದೆ, ಬಲಗಣ್ಣಿನ ದೃಷ್ಟಿ ಮಾತ್ರ ಮೊದಲಿನಂತಿಲ್ಲ.

ಗರ್ಭ ನಿಲ್ಲುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಿದರೆ ಬೆನ್ನಹುರಿಯ ದೋಷಗಳಲ್ಲಿ ಬಹುಪಾಲು ತಪ್ಪುತ್ತವೆ, ಆದರೆ ನಮ್ಮಲ್ಲಿ ಗುಳಿಗೆ ಕೈಸೇರುವುದು ಮೂರನೇ ತಿಂಗಳ ನಂತರ. ಅದು ಬೇರೆಯೇ ಪತ್ರದ ವಿಷಯ.

ಯಾದಗಿರಿ, ಕಲಬುರಗಿ, ಬೀದರ್ ಈ ಮೂರೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಲಸಿಕೆಯ ದಿನ ತೂಕದ ಪಕ್ಕದಲ್ಲಿ ತಲೆಯ ಅಳತೆಯನ್ನೂ ಕಡ್ಡಾಯವಾಗಿ ಬರೆಯಿಸಬೇಕು. ಷಂಟ್ ಮುಚ್ಚಿಹೋದ ಮಗು ರಾತ್ರಿ ಎರಡು ಗಂಟೆಗೆ ಬಂದರೂ ನೋಡುವ ವ್ಯವಸ್ಥೆ ಕಲಬುರಗಿಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಖಾತ್ರಿಯಾಗಿರಬೇಕು, ಮತ್ತು ಆಶಾ ಕಾರ್ಯಕರ್ತೆಯರಿಗೆ ಅದರ ದೂರವಾಣಿ ಸಂಖ್ಯೆ ಬಾಯಿಪಾಠವಾಗಿರಬೇಕು. ಅದಾಗುವವರೆಗೆ, ಷಂಟ್ ಹಾಕಿಸಿಕೊಂಡ ಪ್ರತಿ ಮಗುವಿನ ‘ತಾಯಿ ಕಾರ್ಡ್’ನ ಹಿಂದೆ ‘ಈ ಮಗುವಿನ ತಲೆಯಲ್ಲಿ ನಳಿಕೆಯಿದೆ, ವಾಂತಿ ಅಥವಾ ಮಂಪರು ಕಂಡರೆ ಕೂಡಲೇ ಸಿ.ಟಿ. ಸ್ಕ್ಯಾನ್ ಮಾಡಿಸಿ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು, ವೈದ್ಯಾಧಿಕಾರಿ ಸಹಿ ಹಾಕಿಕೊಡಲಿ.

– ನಿವೃತ್ತ ಕಿರಿಯ ಆರೋಗ್ಯ ಸಹಾಯಕಿ, ಶಹಾಪುರ, ಯಾದಗಿರಿ ಜಿಲ್ಲೆ