ಭಾನುವಾರದ ಚೆಸ್ ಟೂರ್ನಮೆಂಟ್ ಬಗ್ಗೆ ಪೋಷಕರಿಗೆ

ಎಲ್ಲಾ ಪೋಷಕರಿಗೆ ನಮಸ್ಕಾರ,

ಭಾನುವಾರ ಸಂಜೆಯಿಂದ ಗ್ರೂಪಲ್ಲಿ ಓಡ್ತಿರೋ ಮೆಸೇಜೆಲ್ಲಾ ಓದಿದೀನಿ. ಆರನೇ ಕ್ಲಾಸ್ ಹುಡುಗನ್ನ ಮೊದಲನೇ ರೌಂಡಲ್ಲೇ 1600 ರೇಟಿಂಗ್ (ಆಟದ ಬಲ ತೋರ್ಸೋ ಅಂಕ) ಇರೋ ಹತ್ತನೇ ಕ್ಲಾಸ್ ಹುಡುಗಿ ಮುಂದೆ ಕೂರ್ಸಿದ್ದು ಯಾವ ನ್ಯಾಯ ಅಂತ ಕೇಳಿದೀರ. ಹೊಟ್ಟೆ ಉರಿಯೋದು ಸಹಜ, ನಾನೂ ತಾಯಿನೇ. ಆದ್ರೆ ಆ ಜೋಡಿ ನಾವು ಆಫೀಸಲ್ಲಿ ಕೂತು ಮಾಡಿದ್ದಲ್ಲ. ಸ್ವಿಸ್ ಪದ್ಧತೀಲಿ 40 ಮಕ್ಕಳನ್ನ ರೇಟಿಂಗ್ ಪ್ರಕಾರ ಸಾಲಾಗಿ ಬರ್ಕೊಂಡು ಅರ್ಧಕ್ಕೆ ಭಾಗ ಮಾಡ್ತಾರೆ, 1ನೇ ನಂಬರಿಗೆ 21, 2ಕ್ಕೆ 22, ಹೀಗೇ ಕೊನೇವರೆಗೂ, ಹಾಗಾಗಿ ಮೊದಲ ರೌಂಡಲ್ಲಿ ಎಲ್ಲಾ ಬೋರ್ಡಲ್ಲೂ ಏರುಪೇರು ಇದ್ದೇ ಇರುತ್ತೆ. ಸೋತೋರು ಮನೆಗೆ ಹೋಗಲ್ಲ, ಮುಂದಿನ ರೌಂಡಿಗೆ ಆದಷ್ಟೂ ಅವರಷ್ಟೇ ಪಾಯಿಂಟ್ ಇರೋರೇ ಸಿಗ್ತಾರೆ. ಅದೇ ಹುಡುಗ ಐದು ರೌಂಡಿಗೆ 3 ಪಾಯಿಂಟ್ ತಗೊಂಡ, ಅದನ್ನ ಯಾರೂ ಗ್ರೂಪಲ್ಲಿ ಹಾಕ್ಲಿಲ್ಲ!

ಇನ್ನು ಆ ಗೇಮಲ್ಲಿ ಹುಡುಗ ಎತ್ತಿದ ಕುದುರೆ ವಿಷ್ಯ. ಅಲ್ಲೀವರೆಗೂ ಚೆನ್ನಾಗೇ ಆಡ್ತಿದ್ದ, ಒಂದು ಪಾನ್ (ಪದಾತಿ) ಕೂಡ ಹೆಚ್ಚಿಗೆ ಇತ್ತು. ಕುದುರೆ ಎತ್ತಿದ, ಆಮೇಲೆ ಹಿಂದೆ ನಿಂತಿದ್ದ ರಾಣಿ ಹೋಗುತ್ತೆ ಅಂತ ಕಂಡು ವಾಪಸ್ ಇಟ್ಟ. ಹುಡುಗಿ ಕ್ಲಾಕ್ ನಿಲ್ಲಿಸಿ ಆರ್ಬಿಟರ್‌ನ (ತೀರ್ಪುಗಾರರನ್ನ) ಕರೆದ್ಲು. ಮುಟ್ಟಿದ ಕಾಯನ್ನೇ ನಡೆಸ್ಬೇಕು, ಇದು ದೊಡ್ಡೋರಿಗೂ ಇರೋ ರೂಲು. ಅವಳು ಮೋಸ ಮಾಡಿಲ್ಲ, ಕಲ್ಲುಮನಸ್ಸಿನೋಳೂ ಅಲ್ಲ, ಅವಳ ಬಗ್ಗೆ ಬರೆದಿರೋದನ್ನ ದಯವಿಟ್ಟು ಡಿಲೀಟ್ ಮಾಡಿ, ಅವಳೂ ಯಾರೋ ಹೆತ್ತ ಮಗೂನೇ.

ಒಬ್ಬರು 2022ರಲ್ಲಿ 16 ವರ್ಷದ ಚೆನ್ನೈ ಹುಡುಗ ಪ್ರಗ್ನಾನಂದ ಆಗಿನ ವಿಶ್ವ ಚಾಂಪಿಯನ್ ಕಾರ್ಲ್ಸನ್‌ನ 39 ಮೂವಲ್ಲಿ ಸೋಲಿಸಿದ ಗೇಮ್ ಕಳ್ಸಿದಾರೆ, ಸಂತೋಷ, ಆದ್ರೆ ಆ ಹುಡುಗ ಆಗ್ಲೇ ಚೆಸ್‌ನ ಅತಿ ದೊಡ್ಡ ಬಿರುದು ಪಡೆದು ಗ್ರ್ಯಾಂಡ್‌ಮಾಸ್ಟರ್ ಆಗಿದ್ದ ಸ್ವಾಮಿ. 400 ಪಾಯಿಂಟ್ ರೇಟಿಂಗ್ ವ್ಯತ್ಯಾಸ ಇದ್ರೆ ನೂರು ಗೇಮಿಗೆ 90ರ ಮೇಲೆ ಪಾಯಿಂಟ್ ಹೆಚ್ಚು ರೇಟಿಂಗ್ ಇರೋರಿಗೇ ಅಂತ ಲೆಕ್ಕಾನೇ ಹೇಳುತ್ತೆ. ಸೋಲೋದ್ರಲ್ಲಿ ಅವಮಾನ ಏನಿಲ್ಲ. ಗೇಮ್ ಮುಗಿದ್ಮೇಲೆ ಇಬ್ರೂ ಕೂತು ಕಾಯಿ ಮತ್ತೆ ಜೋಡ್ಸಿ, ಎಲ್ಲಿ ತಪ್ಪಿತು ಅಂತ ಅವಳೇ ತೋರಿಸ್ತಿದ್ಲು, ಅಷ್ಟೊತ್ತಿಗೆ ಅವನ್ನ ಎಳ್ಕೊಂಡು ಹೋದ್ರಿ.

ಜೋಡಿ ಬದಲಾಯ್ಸಿ ಅಂದ್ರೆ ಆಗಲ್ಲ. ನಿಮ್ಮ ಮಗು ಅಂತಲ್ಲ, ನನ್ನ ಮಗೂನೇ ಆಡ್ತಿದ್ರೂ ಆಗಲ್ಲ. ತೀರಾ ಚಿಕ್ಕೋರಿಗೆ, ಮೂರನೇ ಕ್ಲಾಸ್ ಒಳಗಿನೋರಿಗೆ, ಮುಂದಿನ ಸಲ ಬೇರೆ ವಿಭಾಗ ಮಾಡ್ತೀವಿ, ಅಷ್ಟು ಒಪ್ಕೊಂಡಿದೀವಿ. ಉಳಿದೋರಿಗೆ ಇದೇ ಪದ್ಧತಿ.

ಗೇಮ್ ಶುರುವಾದ್ಮೇಲೆ ಹಾಲ್ ಕಿಟಕಿ ಹತ್ರ ಪೋಷಕರು ನಿಲ್ಬೇಡಿ.

ಮುಂದಿನ ತಿಂಗಳ ಟೂರ್ನಮೆಂಟಿಗೆ ಹೆಸರು ಶುಕ್ರವಾರದೊಳಗೆ ಪಿಟಿ ಸರ್ ಹತ್ರ ಕೊಡಿ, ಮಕ್ಕಳ ಕೈಲಿ ನೀರಿನ ಬಾಟ್ಲು ಕಳ್ಸಿ.

ಇಂತಿ,
ಮುಖ್ಯ ಶಿಕ್ಷಕಿ