ಚಂಡಮಾರುತವನ್ನು ಕಾಯುತ್ತಿರುವ ಊರಿನಿಂದ

ಟ್ಯಾಂಪಾ, ಫ್ಲಾರಿಡಾ
2024ರ ಅಕ್ಟೋಬರ್ 9, ಬುಧವಾರ ಮಧ್ಯಾಹ್ನ

ಪ್ರೀತಿಯ ಗೆಳೆಯನಿಗೆ,

ನಿನ್ನೆಯಿಂದ ನೀನು ನಾಲ್ಕು ಬಾರಿ ಕರೆ ಮಾಡಿದೆ. ನಾಲ್ಕು ಬಾರಿಯೂ ‘ಕ್ಷೇಮವಾಗಿದ್ದೇವೆ, ಆಮೇಲೆ ಮಾತನಾಡುತ್ತೇನೆ’ ಎಂದಷ್ಟೇ ಹೇಳಿ ನಾನು ಫೋನ್ ಇಟ್ಟುಬಿಟ್ಟೆ. ಅಷ್ಟು ಮಾತಿನಿಂದ ನಿನ್ನ ಆತಂಕ ಕಡಿಮೆಯಾಗಿರಲಾರದು ಎಂಬುದು ನನಗೆ ಗೊತ್ತು. ಈಗ ಮಾಡಬೇಕಾದ ಕೆಲಸಗಳೆಲ್ಲ ಮುಗಿದಿವೆ. ಹೊರಗೆ ಮಳೆ ಹಿಡಿದಿದೆ, ಕರೆಂಟು ಇನ್ನೂ ಹೋಗಿಲ್ಲ. ಮಿಲ್ಟನ್ ಎಂಬ ಈ ಚಂಡಮಾರುತ ಇಂದು ರಾತ್ರಿ ದಡ ಮುಟ್ಟುವವರೆಗೆ ಕಾಯುವುದೊಂದೇ ಉಳಿದಿರುವುದರಿಂದ, ಆ ಹೊತ್ತನ್ನು ನಿನಗೆ ಬರೆಯುವುದರಲ್ಲಿ ಕಳೆಯೋಣವೆಂದು ಕುಳಿತಿದ್ದೇನೆ. ಊರಿನಲ್ಲಿ ನಮ್ಮ ಬಗ್ಗೆ ಚಿಂತಿಸುತ್ತಿರುವ ಉಳಿದವರೂ ಓದಲಿ ಎಂದು ಇದನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತೇನೆ.

ನಾವೀಗ ನಮ್ಮ ಮನೆಯಲ್ಲಿಲ್ಲ. ಇಲ್ಲಿ ಕಡಲ ನೀರು ನುಗ್ಗುವ ಅಪಾಯ ಎಲ್ಲಿ ಎಷ್ಟಿದೆ ಎಂಬುದಕ್ಕೆ ತಕ್ಕಂತೆ ಊರನ್ನು ‘ಎ’ಯಿಂದ ‘ಇ’ವರೆಗೆ ವಲಯಗಳಾಗಿ ವಿಂಗಡಿಸಿದ್ದಾರೆ. ಟ್ಯಾಂಪಾ ಕೊಲ್ಲಿಗೆ ಹತ್ತಿರವಿರುವ ನಮ್ಮ ಬಡಾವಣೆ ‘ಬಿ’ ವಲಯದಲ್ಲಿದೆ. ಎ ಮತ್ತು ಬಿ ವಲಯದವರೆಲ್ಲ ಮನೆ ಬಿಡಲೇಬೇಕೆಂದು ಆದೇಶವಾಯಿತು. ತೆರವು ಮಾಡಲು ಹೇಳಿದ ಜಾಗದಲ್ಲಿಯೇ ಉಳಿದುಕೊಂಡರೆ ನೀವು ಸಾಯುತ್ತೀರಿ ಎಂದು ಮೇಯರ್ ಜೇನ್ ಕ್ಯಾಸ್ಟರ್ ಟಿವಿಯಲ್ಲಿ ಯಾವ ಸುತ್ತುಬಳಸೂ ಇಲ್ಲದೆ ಹೇಳಿದರು. ನೀರಿನಿಂದ ಓಡಬೇಕು, ಗಾಳಿಯಿಂದ ಅಡಗಬೇಕು ಎಂಬುದು ಇಲ್ಲಿಯವರ ರೂಢಿಯ ಮಾತು. ಅಂದರೆ ನೂರಾರು ಮೈಲಿ ಹೋಗಬೇಕಾಗಿಲ್ಲ, ನೀರು ಮುಟ್ಟದ ಗಟ್ಟಿ ಮನೆಯೊಂದು ಹತ್ತಿಪ್ಪತ್ತು ಮೈಲಿಯಲ್ಲಿ ಸಿಕ್ಕರೆ ಸಾಕು. ಹಾಗೆ ನಮಗೆ ಸಿಕ್ಕಿದ್ದು ಒಳನಾಡಿನ ನ್ಯೂ ಟ್ಯಾಂಪಾದಲ್ಲಿರುವ ದಾವಣಗೆರೆಯ ಮಿತ್ರರೊಬ್ಬರ ಮನೆ. 1992ರಲ್ಲಿ ಆಂಡ್ರ್ಯೂ ಚಂಡಮಾರುತ ದಕ್ಷಿಣ ಫ್ಲಾರಿಡಾದ ಸಾವಿರಾರು ಮನೆಗಳನ್ನು ಕೆಡವಿದ ಮೇಲೆ ಬಿಗಿಯಾದ ಕಟ್ಟಡ ನಿಯಮಗಳ ಪ್ರಕಾರ ಕಟ್ಟಿದ ಮನೆ ಇದು, ಅದೇ ನಮ್ಮ ಧೈರ್ಯ.

ಶನಿವಾರ ಈ ಬಿರುಗಾಳಿಗೆ ಹೆಸರಿಟ್ಟಾಗ ಅದು ಮೆಕ್ಸಿಕೊ ಕೊಲ್ಲಿಯ ನೈಋತ್ಯ ಮೂಲೆಯಲ್ಲಿದ್ದ ಒಂದು ಸಾಮಾನ್ಯ ಗಾಳಿಸುಳಿ. ಸೋಮವಾರ ಸಂಜೆಗೆ ಗಂಟೆಗೆ 180 ಮೈಲಿ, ಎಂದರೆ ಸುಮಾರು 290 ಕಿಲೊಮೀಟರ್ ವೇಗದ, ಐದನೆಯ ದರ್ಜೆಯ ಚಂಡಮಾರುತವಾಗಿತ್ತು. ಐದಕ್ಕಿಂತ ಮೇಲಿನ ದರ್ಜೆಯೇ ಇಲ್ಲ. ಬೇಸಿಗೆಯುದ್ದಕ್ಕೂ ಕಾದಿದ್ದ ಮೆಕ್ಸಿಕೊ ಕೊಲ್ಲಿಯ ನೀರು ಅದಕ್ಕೆ ಮೇವಾಯಿತು ಎಂದು ತಜ್ಞರು ವಿವರಿಸಿದರು. ಮಯಾಮಿಯ ಹಿರಿಯ ಹವಾಮಾನ ತಜ್ಞ ಜಾನ್ ಮೊರಾಲೆಸ್, ಹತ್ತು ಗಂಟೆಗಳಲ್ಲಿ ಚಂಡಮಾರುತದ ನಡುವಿನ ಗಾಳಿಯ ಒತ್ತಡ 50 ಮಿಲಿಬಾರ್ ಕುಸಿದಿದೆ ಎಂದು ನೇರಪ್ರಸಾರದಲ್ಲಿ ಹೇಳುವಾಗ ಅವರ ಗಂಟಲು ಕಟ್ಟಿತು. ಒತ್ತಡ ಕುಸಿದಷ್ಟೂ ಗಾಳಿಯ ಬಲ ಹೆಚ್ಚುತ್ತದೆ. ಚಂಡಮಾರುತಗಳನ್ನು ನೋಡುತ್ತಲೇ ದಶಕಗಳನ್ನು ಕಳೆದ ಮನುಷ್ಯನ ಕಣ್ಣು ತುಂಬಿದ್ದನ್ನು ಕಂಡ ಗಳಿಗೆಯಲ್ಲಿಯೇ ನನ್ನವಳು ಎದ್ದು ಬಟ್ಟೆಗಳನ್ನು ಚೀಲಕ್ಕೆ ತುಂಬಲು ಶುರುಮಾಡಿದಳು. ನಮ್ಮನ್ನು ಮನೆ ಬಿಡಿಸಿದ್ದು ಅಂಕಿಗಳಿಗಿಂತ ಹೆಚ್ಚಾಗಿ ಆ ಮುಖ.

ಎರಡು ವಾರಗಳ ಹಿಂದಿನದನ್ನು ಹೇಳದಿದ್ದರೆ ಇಲ್ಲಿಯ ಜನರ ಈಗಿನ ಮನಃಸ್ಥಿತಿ ನಿನಗೆ ಅರ್ಥವಾಗದು. ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಎಂಬ ಇನ್ನೊಂದು ಚಂಡಮಾರುತ ನಮ್ಮಿಂದ ಬಹಳ ಉತ್ತರಕ್ಕೆ, ಪೆರಿ ಎಂಬ ಊರಿನ ಹತ್ತಿರ ದಡ ಸೇರಿತು. ಅಷ್ಟು ದೂರದಲ್ಲಿ ಹಾದುಹೋದರೂ ಟ್ಯಾಂಪಾ ಕೊಲ್ಲಿಯಲ್ಲಿ ಕಡಲು ಆರು ಅಡಿಗೂ ಹೆಚ್ಚು ಉಕ್ಕಿ, ತಗ್ಗಿನ ಬೀದಿಗಳ ಮನೆಗಳಲ್ಲಿ ಎದೆಯೆತ್ತರಕ್ಕೆ ನಿಂತಿತು. ಕೊಲ್ಲಿಯ ಆಚೆಯ ಪಿನೆಲಸ್ ಜಿಲ್ಲೆಯಲ್ಲಿ ಹಲವರು ಮುಳುಗಿ ಸತ್ತರು. ನೆನೆದ ಸೋಫಾ, ಹಾಸಿಗೆ, ಫ್ರಿಜ್ಜು, ಕಿತ್ತ ಗೋಡೆಹಲಗೆಗಳು ಇಂದಿಗೂ ಮನೆಗಳ ಮುಂದೆ ಆಳೆತ್ತರದ ರಾಶಿಯಾಗಿ ಬಿದ್ದಿವೆ. ಹಗಲಿರುಳೂ ಲಾರಿಗಳು ಅವನ್ನು ಸಾಗಿಸಿದರೂ ಮುಗಿದಿಲ್ಲ. ಮಿಲ್ಟನ್ ಗಾಳಿಗೆ ಸಿಕ್ಕರೆ ಆ ರಾಶಿಯ ಒಂದೊಂದು ಹಲಗೆಯೂ ಯಾರದೋ ಕಿಟಕಿಯನ್ನು ಹುಡುಕಿಕೊಂಡು ಹಾರುತ್ತದೆ. ಒಣಗಿಸಲು ಬಾಗಿಲು ತೆರೆದಿಟ್ಟ ಮನೆಗಳನ್ನು ಮತ್ತೆ ಮುಚ್ಚಿ, ಮರಳಿನ ಚೀಲ ಅಡ್ಡವಿಟ್ಟು ಹೊರಡುತ್ತಿರುವವರನ್ನು ನಿನ್ನೆ ದಾರಿಯುದ್ದಕ್ಕೂ ಕಂಡೆ. ಒಬ್ಬ ಮುದುಕ ಬಾಗಿಲಿಗೆ ಬೀಗ ಹಾಕದೆಯೇ ಕಾರು ಹತ್ತಿದ. ಒಳಗೆ ಉಳಿಸಿಕೊಳ್ಳಬೇಕಾದದ್ದು ಏನೂ ಇರಲಿಲ್ಲವೇನೋ.

ಪೆಟ್ರೋಲ್ ಸೋಮವಾರವೇ ದುರ್ಲಭವಾಗಿತ್ತು. ಬಂಕುಗಳ ಕೊಳವೆಗಳಿಗೆ ಹಳದಿ ಚೀಲ ಕಟ್ಟಿದ್ದರು. ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ವಿಮಾನ ನಿಲ್ದಾಣ ಮುಚ್ಚಿತು, ಉತ್ತರಕ್ಕೆ ಹೋಗುವ ಹೆದ್ದಾರಿಯಲ್ಲಿ ಕಾರುಗಳು ಆಮೆಯಂತೆ ತೆವಳಿದವು. ಕುಡಿಯುವ ನೀರು, ಟಾರ್ಚು, ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು ನಮ್ಮೊಂದಿಗಿವೆ. ಇಲ್ಲಿ ಸ್ನಾನದ ತೊಟ್ಟಿಯನ್ನೂ ತುಂಬಿಸಿಟ್ಟಿದ್ದಾರೆ. ನೀನು ಕೇಳಿದ್ದಕ್ಕೆಲ್ಲ ಇಷ್ಟು ಉತ್ತರ ಸಾಕು.

ಆದರೆ ಮನೆ ಬಿಡುವ ಆ ಒಂದು ಗಂಟೆಯನ್ನು ಇಷ್ಟು ಬೇಗ ಮುಗಿಸಿಬಿಡಲಾರೆ. ಇದು ನವರಾತ್ರಿಯ ವಾರ, ನನ್ನವಳು ಮೈಸೂರಿನವಳು. ಹತ್ತು ದಿನಗಳಿಗೆಂದು ಬೊಂಬೆ ಕೂರಿಸಿ ಆಗಿತ್ತು. ಒಮ್ಮೆ ಕೂರಿಸಿದ ಬೊಂಬೆಗಳನ್ನು ವಿಜಯದಶಮಿಯ ರಾತ್ರಿಯವರೆಗೆ ಕದಲಿಸುವಂತಿಲ್ಲ ಎಂಬುದು ಅವಳ ತವರಿನ ಪದ್ಧತಿ. ಅತ್ತೆಯವರಿಗೆ ಫೋನ್ ಮಾಡಿ ಕೇಳಿದಳು. ಆಗ ಅಲ್ಲಿ ಸರಿರಾತ್ರಿ. ಅವರೂ ನಿದ್ದೆ ಮಾಡದೆ ನಮ್ಮ ಸುದ್ದಿಗಾಗಿಯೇ ಕಾದಿದ್ದರು. ‘ಪಟ್ಟದ ಬೊಂಬೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಹೋಗು ಮಗಳೇ, ಮಡಿಲಲ್ಲಿದ್ದರೆ ಅವು ಕೂತಂತೆಯೇ ಲೆಕ್ಕ’ ಎಂದರು. ಕಾರಿನಲ್ಲಿ ದಾರಿಯುದ್ದಕ್ಕೂ ಆ ರಾಜ, ರಾಣಿ ಅವಳ ಮಡಿಲಲ್ಲಿಯೇ ಇದ್ದರು. ಉಳಿದ ಬೊಂಬೆಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟುಬಂದೆವು. ಇಂದು ಸರಸ್ವತಿ ಪೂಜೆ. ಮಿತ್ರರ ಮನೆಯ ದೇವರ ಮುಂದೆ ಮಕ್ಕಳ ಪಠ್ಯಪುಸ್ತಕಗಳ ಜೊತೆಗೆ ನಮ್ಮ ಪಾಸ್‌ಪೋರ್ಟು, ಮನೆಯ ಪತ್ರ, ವಿಮೆಯ ಕಾಗದಗಳ ಪ್ಲಾಸ್ಟಿಕ್ ಚೀಲವೂ ಪೂಜೆಗೆ ಕುಳಿತಿದೆ. ಅದಕ್ಕೂ ಅವಳೇ ಅರಿಶಿನ ಕುಂಕುಮ ಹಚ್ಚಿದಳು.

ಈ ಊರಿನ ಮೇಲೆ ದೊಡ್ಡ ಚಂಡಮಾರುತವೊಂದು ನೇರವಾಗಿ ಎರಗಿದ್ದು ಕೊನೆಯದಾಗಿ 1921ರ ಅಕ್ಟೋಬರ್‌ನಲ್ಲಿ. ಆಗ ಟ್ಯಾಂಪಾದ ಜನಸಂಖ್ಯೆ ಸುಮಾರು 50 ಸಾವಿರ. ಇಂದು ಕೊಲ್ಲಿಯ ಸುತ್ತ 30 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಹಿಂದೆ ಇಲ್ಲಿದ್ದ ಮೂಲನಿವಾಸಿಗಳಾದ ಟೊಕೊಬಾಗಾ ಜನ ಕಟ್ಟಿದ ಮಣ್ಣಿನ ದಿಬ್ಬಗಳು ಈ ಊರನ್ನು ಕಾಯುತ್ತವೆ ಎಂದು ನಂಬುವವರು ಈಗಲೂ ಇದ್ದಾರೆ. ನಮ್ಮ ಕರಾವಳಿಯವನಾದ ನನಗೆ ಆ ನಂಬಿಕೆ ಅಪರಿಚಿತವೆನಿಸಲಿಲ್ಲ.

ಟ್ಯಾಂಪಾ ಕೊಲ್ಲಿ ಆಳವಿಲ್ಲದ್ದು, ಸರಾಸರಿ ಹನ್ನೆರಡು ಅಡಿಯಷ್ಟೇ. ಆದ್ದರಿಂದಲೇ ನಮ್ಮ ಗತಿ, ಚಂಡಮಾರುತ ಸಾಗುವ ದಾರಿಯೆಂದು ನಕ್ಷೆಯಲ್ಲಿ ಎಳೆದ ಒಂದು ಗೆರೆಯ ಮೇಲೆ ನಿಂತಿದೆ. ಉತ್ತರಾರ್ಧಗೋಳದ ಚಂಡಮಾರುತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಅದರ ಕಣ್ಣು, ಎಂದರೆ ನಟ್ಟನಡುವಿನ ಭಾಗ, ಕೊಲ್ಲಿಯ ಬಾಯಿಗಿಂತ ಉತ್ತರಕ್ಕೆ ದಡ ಸೇರಿದರೆ, ಗಾಳಿ ಕಡಲನ್ನು ಕೊಲ್ಲಿಯೊಳಕ್ಕೆ ನೂಕುತ್ತದೆ. ಹತ್ತರಿಂದ ಹದಿನೈದು ಅಡಿಯವರೆಗೆ ನೀರು ಏರಬಹುದು ಎಂದು ಹೆದರಿಸಿದ್ದು ಆ ಸಾಧ್ಯತೆಯೇ. ಕಣ್ಣು ದಕ್ಷಿಣಕ್ಕೆ ಸೇರಿದರೆ ಅದೇ ಗಾಳಿ ಕೊಲ್ಲಿಯ ನೀರನ್ನು ಹೊರಕ್ಕೆ ಎಳೆದು ತಳವನ್ನೇ ಬರಿದು ಮಾಡುತ್ತದೆ. 2017ರಲ್ಲಿ ಇರ್ಮಾ ಬಂದಾಗ ಹಾಗಾಯಿತು, 2022ರಲ್ಲಿ ಇಯಾನ್ ಬಂದಾಗಲೂ ಹಾಗಾಯಿತು. ಮೂವತ್ತು ನಲವತ್ತು ಮೈಲಿಗಳ ವ್ಯತ್ಯಾಸವಷ್ಟೇ. ಮಯಾಮಿಯ ರಾಷ್ಟ್ರೀಯ ಚಂಡಮಾರುತ ಕೇಂದ್ರದ ಪ್ರಕಟಣೆ ಬೆಳಿಗ್ಗೆ ಐದು, ಹನ್ನೊಂದು, ಸಂಜೆ ಐದು, ರಾತ್ರಿ ಹನ್ನೊಂದಕ್ಕೆ ಬರುತ್ತದೆ. ನಡುನಡುವೆ ಚಿಕ್ಕ ಪ್ರಕಟಣೆಗಳು. ಮೂರು ದಿನಗಳಿಂದ ನಮ್ಮ ಊಟ, ನಿದ್ದೆಗಳೆಲ್ಲ ಆ ಗಂಟೆಗಳಿಗೆ ಹೊಂದಿಕೊಂಡಿವೆ. ನಿನ್ನೆ ರಾತ್ರಿಯಿಂದ ಗೆರೆ ತುಸು ತುಸುವೇ ದಕ್ಷಿಣಕ್ಕೆ ವಾಲುತ್ತಿದೆ.

ಗೆಳೆಯಾ, ಬೇರೆ ಯಾರಿಗೂ ಹೇಳಲಾಗದೆ ನಿನಗೆ ಹೇಳುತ್ತಿರುವುದು ಇದು. ಗೆರೆ ದಕ್ಷಿಣಕ್ಕೆ ಸರಿದಾಗಲೆಲ್ಲ ಈ ಮನೆಯಲ್ಲಿ ಎಲ್ಲರೂ ನಿಟ್ಟುಸಿರು ಬಿಡುತ್ತೇವೆ. ದಕ್ಷಿಣಕ್ಕೆ ಇರುವುದು ಖಾಲಿ ಕಡಲಲ್ಲ, ಸರಸೋಟಾ. ನನ್ನ ಜೊತೆ ಏಳು ವರ್ಷಗಳಿಂದ ಕೆಲಸ ಮಾಡುತ್ತಿರುವವರೊಬ್ಬರು ಅಲ್ಲಿದ್ದಾರೆ. ಅವರ ಮನೆ ತೆರವಿನ ವಲಯದ ಹೊರಗಿರುವುದರಿಂದ, ವಯಸ್ಸಾದ ತಾಯಿಯನ್ನು ಕಾರಿನಲ್ಲಿ ಗಂಟೆಗಟ್ಟಲೆ ಕೂರಿಸಲಾಗದೆ ಅಲ್ಲಿಯೇ ಉಳಿದಿದ್ದಾರೆ. ಇಯಾನ್ ಬಂದಾಗಲೂ ನವರಾತ್ರಿಯೇ. ಮೊದಲು ನಮ್ಮತ್ತ ಬರುವಂತಿದ್ದ ಅದು ದಕ್ಷಿಣಕ್ಕೆ ತಿರುಗಿದ ಮಾರನೆಯ ದಿನ, ದೇವರು ನಮ್ಮನ್ನು ಕಾಪಾಡಿದ ಎಂದು ನಾವು ಪಾಯಸ ಮಾಡಿ ನೆರೆಯವರಿಗೆಲ್ಲ ಹಂಚಿದೆವು. ಫೋರ್ಟ್ ಮಯರ್ಸ್ ಬೀಚಿನಲ್ಲಿ ಮನೆಗಳು ಇದ್ದ ಜಾಗದಲ್ಲಿ ಬರಿಯ ಮರಳು ಉಳಿದಿರುವ ಚಿತ್ರಗಳನ್ನು ಟಿವಿಯಲ್ಲಿ ನೋಡಿದ್ದು ಅದೇ ಸಂಜೆ. ಆ ಪಾಯಸದ ನೆನಪು ನನ್ನನ್ನು ಬಿಟ್ಟಿಲ್ಲ. ಇಂದು ಬೆಳಿಗ್ಗೆ ದೀಪ ಹಚ್ಚಿ ಕೈಮುಗಿದಾಗ ‘ಅದು ಆ ಕಡೆ ಹೋಗಲಿ’ ಎಂದು ಬೇಡಲು ಬಾಯಿ ಬರಲಿಲ್ಲ. ‘ಇಲ್ಲಿಗೆ ಬರಲಿ’ ಎನ್ನಲೂ ಆಗಲಿಲ್ಲ, ಮಕ್ಕಳು ಪಕ್ಕದಲ್ಲಿ ನಿಂತಿದ್ದರು. ‘ಗಾಳಿಯ ಕಸುವು ಕುಗ್ಗಲಿ’ ಎಂದಷ್ಟೇ ಬೇಡಿಕೊಂಡೆ. ಅದು ಸ್ವಲ್ಪ ಕುಗ್ಗಿದೆ ಕೂಡ. ಮೇಲಿನ ಗಾಳಿಯ ಪದರಗಳು ಅದನ್ನು ಸೀಳುತ್ತಿವೆ ಎನ್ನುತ್ತಾರೆ. ಆದರೆ ಕುಗ್ಗುತ್ತಾ ಅಗಲವಾಗಿ ಹರಡುತ್ತಿದೆ.

ನಾವು ಹುಡುಗರಾಗಿದ್ದಾಗ ಮಲ್ಪೆಯಲ್ಲಿ ದೋಣಿಗಳು ಹಿಂದಿರುಗದ ಸಂಜೆ ದಂಡೆಯಲ್ಲಿ ನಿಲ್ಲುತ್ತಿದ್ದ ಹೆಂಗಸರು ನೆನಪಾಗುತ್ತಾರೆ. 2021ರಲ್ಲಿ ತೌಕ್ತೆ ನಮ್ಮ ಕರಾವಳಿಯನ್ನು ಸವರಿಕೊಂಡು ಗುಜರಾತಿನತ್ತ ಹೋದಾಗ, ಕಡಲ್ಕೊರೆತಕ್ಕೆ ತೆಂಗಿನಮರಗಳು ಉರುಳುವುದನ್ನು ನೀನು ಫೋನಿನಲ್ಲಿ ತೋರಿಸುತ್ತಿದ್ದೆ, ನಾನು ಇಲ್ಲಿಂದ ‘ಹುಷಾರು’ ಎನ್ನುತ್ತಿದ್ದೆ. ದೂರದಿಂದ ಆ ಮಾತು ಹೇಳುವವನ ಸಂಕಟ ಎಂಥದೆಂದು ಆಗ ತಿಳಿದಿತ್ತು. ಕೇಳಿಸಿಕೊಳ್ಳುವವನು ಏಕೆ ಬೇಗ ಫೋನ್ ಇಡುತ್ತಾನೆ ಎಂಬುದು ಈಗ ತಿಳಿಯಿತು.

ಸಂಜೆ ಆರು ಗಂಟೆ. ನಡುವೆ ಎದ್ದುಹೋಗಬೇಕಾಯಿತು. ಮಧ್ಯಾಹ್ನದಿಂದ ರಾಜ್ಯದ ದಕ್ಷಿಣ ಮತ್ತು ಪೂರ್ವದಲ್ಲಿ ಸುಂಟರಗಾಳಿಗಳೆದ್ದಿವೆ; ಸೇಂಟ್ ಲೂಸಿ ಜಿಲ್ಲೆಯಲ್ಲಿ ಮನೆಗಳು ನೆಲಸಮವಾಗಿವೆಯಂತೆ. ಕಡಲಿನ ಚಿಂತೆಯಲ್ಲಿದ್ದ ನಮಗೆ, ಆಚೆ ಕರಾವಳಿಯವರು ನಮಗಿಂತ ಮೊದಲೇ ಪೆಟ್ಟು ತಿಂದರು ಎಂಬುದನ್ನು ನಂಬಲಾಗುತ್ತಿಲ್ಲ. ಕೊಲ್ಲಿಯ ಸೇತುವೆಗಳನ್ನು ಮುಚ್ಚಿದ್ದಾರೆ. ಈ ಮನೆಯ ಯಜಮಾನಿ ಟ್ಯಾಂಪಾ ಜನರಲ್ ಆಸ್ಪತ್ರೆಯಲ್ಲಿ ನರ್ಸು. ಬಿರುಗಾಳಿ ಮುಗಿಯುವವರೆಗೆ ಅಲ್ಲಿಯೇ ಉಳಿಯುವ ತಂಡದಲ್ಲಿದ್ದಾರೆ. ಆ ಆಸ್ಪತ್ರೆ ನಿಂತಿರುವುದು ಕೊಲ್ಲಿಯ ದ್ವೀಪವೊಂದರ ಮೇಲೆ, ಸುತ್ತ ಹದಿನೈದು ಅಡಿಯವರೆಗಿನ ನೀರನ್ನು ತಡೆಯುವ ಬೇಲಿ ನಿಲ್ಲಿಸಿದ್ದಾರೆ. ಹೆಲೀನ್‌ನ ನೀರನ್ನು ಅದು ತಡೆದಿತ್ತು. ಆಕೆಯ ಆರು ವರ್ಷದ ಮಗಳು ‘ಬೇಲಿ ಎಷ್ಟು ಎತ್ತರ?’ ಎಂದು ಅಪ್ಪನನ್ನು ಮತ್ತೆ ಮತ್ತೆ ಕೇಳುತ್ತಾಳೆ. ಮಿತ್ರರು ಪ್ರತಿ ಸಲವೂ ಎದ್ದು ನಿಂತು, ಕೈ ಮೇಲೆತ್ತಿ, ‘ಇದಕ್ಕಿಂತಲೂ ಎತ್ತರ’ ಎಂದು ತೋರಿಸುತ್ತಾರೆ.

ರಾತ್ರಿ ಒಂಬತ್ತು. ಎಂಟೂವರೆಗೆ ಮಿಲ್ಟನ್ ಸರಸೋಟಾದ ಸಿಯೆಸ್ಟಾ ಕೀ ಬಳಿ ದಡ ಮುಟ್ಟಿತು: ಮೂರನೆಯ ದರ್ಜೆ, ಗಂಟೆಗೆ 120 ಮೈಲಿ. ನಮ್ಮ ದಕ್ಷಿಣಕ್ಕೆ. ಸುದ್ದಿ ಕೇಳಿದ ಕೂಡಲೇ ಮಕ್ಕಳು ಕುಣಿದರು. ಆಸ್ಪತ್ರೆಯಿಂದ ಆಕೆಯೂ ‘ಇಲ್ಲಿ ನೀರು ಏರಿಲ್ಲ’ ಎಂದು ಸಂದೇಶ ಕಳಿಸಿದರು. ಮಿತ್ರರು ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು. ಆದರೆ ಮಳೆ ನಮ್ಮನ್ನು ಬಿಟ್ಟಿಲ್ಲ, ಗಾಳಿ ಈ ಮನೆಯ ಗೋಡೆಗಳಿಗೆ ಮೈಯೊತ್ತಿ ನೂಕುತ್ತಿದೆ, ದೀಪ ಎರಡು ಸಲ ಕಣ್ಣು ಮುಚ್ಚಿ ತೆರೆಯಿತು.

ಸರಸೋಟಾದ ಗೆಳೆಯರು ಏಳು ಗಂಟೆಗೆ ಒಂದು ಸಂದೇಶ ಕಳಿಸಿದ್ದರು: ಮೂವರೂ ಬಚ್ಚಲಮನೆಯಲ್ಲಿದ್ದೇವೆ, ಅಮ್ಮನ ಮೇಲೆ ಹಾಸಿಗೆ ಹೊದಿಸಿದ್ದೇವೆ. ಅದಾದ ಮೇಲೆ ನಾನು ಕಳಿಸಿದ ನಾಲ್ಕಕ್ಕೂ ಉತ್ತರವಿಲ್ಲ. ಅಲ್ಲಿಯ ಮೊಬೈಲ್ ಗೋಪುರಗಳು ಬಿದ್ದಿರಬಹುದು ಎಂದು ನನ್ನವಳು ಹೇಳುತ್ತಿದ್ದಾಳೆ. ನಾಳೆ ಬೆಳಿಗ್ಗೆಯವರೆಗೆ ನಾನು ಕಾಯುವುದು ಆ ಒಂದು ಉತ್ತರಕ್ಕಾಗಿ. ಕರೆಂಟು ಹೋಗುವ ಮೊದಲು ಇದನ್ನು ಕಳಿಸುತ್ತಿದ್ದೇನೆ.

ನಿನ್ನ ಗೆಳೆಯ