ಗೆಳೆಯನಿಗೊಂದು ಪತ್ರ: ಸಂಕ್ರಾಂತಿ ಸಂಚಿಗೆ ಏನು ತುಂಬಲಿ?

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ತಲೆಯಲ್ಲೇ ಕೂತುಬಿಟ್ಟಿದೆ. "ಅಪ್ಪನಿಗೆ ಶುಗರ್ ಬಂದಿದೆ ಕಣೋ. ಹಬ್ಬಕ್ಕೆ ಸಕ್ಕರೆ ಬದಲು ಬೆಲ್ಲ ಹಾಕಿದರೆ ಆಯಿತು ಅಲ್ವಾ?" ಅವತ್ತು ನಾನು ಬಸ್ಸಿನಲ್ಲಿದ್ದೆ. ಗಲಾಟೆಯಲ್ಲಿ ಸರಿಯಾಗಿ ಮಾತಾಡಲಾಗಲಿಲ್ಲ. ಅದಕ್ಕೇ ಈ ಪತ್ರ.

ಆಗಲ್ಲ ಕಣೋ. ಬೆಲ್ಲದಲ್ಲೂ ಬಹುಪಾಲು ಇರುವುದು ಅದೇ ಸಕ್ಕರೆ. ಬಣ್ಣ ಬೇರೆ, ಘಮ ಬೇರೆ, ಒಂದಿಷ್ಟು ಕಬ್ಬಿಣದ ಅಂಶ ಇದೆ. ಆದರೆ ಶುಗರ್ ಏರಿಸುವ ವಿಷಯದಲ್ಲಿ ಎರಡೂ ಒಂದೇ. ಜೋನಿಬೆಲ್ಲ, ಜೇನುತುಪ್ಪ ಕೂಡ ಹಾಗೇ. ಇದನ್ನು ನಾವು ನಷ್ಟಪಟ್ಟು ಕಲಿತೆವು. ಅಮ್ಮನಿಗೆ ಶುಗರ್ ಬಂದ ಹೊಸದರಲ್ಲಿ "ಬೆಲ್ಲ ತಾನೆ, ಪರವಾಗಿಲ್ಲ" ಅಂತ ಹೋಳಿಗೆ, ಪಾಯಸ ಎಲ್ಲಾ ಧಾರಾಳವಾಗಿ ನಡೆದಿತ್ತು. ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ ಮಾಡಿಸಿದಾಗ ಅದು ಇಳಿದಿರಲಿಲ್ಲ, ಏರಿತ್ತು. ಅಮ್ಮ ಆ ಚೀಟಿಯನ್ನು ನಾಲ್ಕಾಗಿ ಮಡಚಿ ಪರ್ಸಿನೊಳಗೆ ಇಟ್ಟುಕೊಂಡಳು. ಏನೂ ಮಾತಾಡಲಿಲ್ಲ. ಆಮೇಲೆ ನಾನು ಒಂದೊಂದೇ ಬದಲಿ ಸಿಹಿ ತಂದು ಮನೆಯಲ್ಲಿ ಮಾಡಿ ನೋಡತೊಡಗಿದೆ.

ಮೊದಲು ಸ್ಟೀವಿಯಾ. ಅದರ ಎಲೆಯಿಂದ ತೆಗೆದ ಸಾರ ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿ. ಕಾಫಿಗೆ, ಶ್ಯಾವಿಗೆ ಪಾಯಸಕ್ಕೆ ಚೆನ್ನಾಗಿ ಒಗ್ಗುತ್ತೆ. ಕುದಿಸಿದರೂ ಸಿಹಿ ಹೋಗುವುದಿಲ್ಲ. ಆದರೆ ಒಂದು ಹನಿ ಜಾಸ್ತಿಯಾದರೂ ನಾಲಿಗೆಯ ಹಿಂದೆ ಕಹಿ ನಿಲ್ಲುತ್ತೆ, ಅತಿಮಧುರ ಅಗಿದ ಹಾಗೆ. ಪಾಯಸಕ್ಕೆ ಚಿಟಿಕೆ ಉಪ್ಪು, ಏಲಕ್ಕಿ ಸ್ವಲ್ಪ ಮುಂದಾಗಿ ಹಾಕಿದರೆ ಆ ಕಹಿ ತಗ್ಗುತ್ತೆ. ಅಂಗಡಿಯಲ್ಲಿ ಪೊಟ್ಟಣದ ಮುಂದೆ ಬರೆದದ್ದನ್ನು ಬಿಡು, ಹಿಂದೆ ತಿರುಗಿಸಿ ಓದು. ಸ್ಟೀವಿಯಾ ಅಂತ ದೊಡ್ಡದಾಗಿ ಬರೆದು ಒಳಗೆ ಮಾಲ್ಟೋಡೆಕ್ಸ್ಟ್ರಿನ್ ಅನ್ನುವ ಪಿಷ್ಟದ ಪುಡಿ ತುಂಬಿರುವುದೂ ಉಂಟು. ಅದು ಶುಗರ್ ಏರಿಸುತ್ತೆ.

ಆಮೇಲೆ ಎರಿತ್ರಿಟಾಲ್. ನೋಡಲು ಸಕ್ಕರೆಯ ಹಾಗೇ ಹರಳು, ಸಿಹಿ ಮಾತ್ರ ಅದರ ಮುಕ್ಕಾಲಿಗಿಂತ ಕಡಿಮೆ. ಅದರಲ್ಲಿ ಕೊಬ್ಬರಿ ಮಿಠಾಯಿ ಮಾಡಿದೆ. ಆರಿದ ಮೇಲೆ ಹರಳು ಕಟ್ಟಿ ಮರಳು ಮರಳಾಯಿತು. ಬಾಯಿಗೆ ಹಾಕಿಕೊಂಡರೆ ಪೆಪ್ಪರಮೆಂಟು ಚೀಪಿದ ಹಾಗೆ ತಣ್ಣಗೆ. ತಟ್ಟೆ ಹಾಗೇ ಉಳಿಯಿತು. ಅದನ್ನು ಜಾಸ್ತಿ ತಿಂದರೆ ಹೊಟ್ಟೆಯೂ ಕೆಡುತ್ತೆ.

ಖರ್ಜೂರವೇ ಎಲ್ಲರಿಗೂ ಹಿಡಿಸಿದ್ದು. ಬೀಜ ತೆಗೆದು, ಹುರಿದ ಎಳ್ಳು, ಕಡಲೆಕಾಯಿ ಬೀಜದ ಜೊತೆ ಕುಟ್ಟಿ ಉಂಡೆ ಕಟ್ಟಿದೆ. ಆದರೆ ಖರ್ಜೂರದಲ್ಲೂ ಸಕ್ಕರೆ ಧಾರಾಳವಾಗಿದೆ. ಅದಕ್ಕೆ ಅಮ್ಮನ ಉಂಡೆ ನೆಲ್ಲಿಕಾಯಿ ಗಾತ್ರ, ದಿನಕ್ಕೆ ಒಂದೇ.

2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲೆಂದು ಸಕ್ಕರೆಯಲ್ಲದ ಬದಲಿ ಸಿಹಿಗಳನ್ನು ಬಳಸಬೇಡಿ ಎಂದು ಸಲಹೆ ಕೊಟ್ಟಿದೆ. ಸ್ಟೀವಿಯಾ ಕೂಡ ಆ ಪಟ್ಟಿಯಲ್ಲಿದೆ, ಎರಿತ್ರಿಟಾಲ್ ಇಲ್ಲ. ಈಗಾಗಲೇ ಶುಗರ್ ಇರುವವರಿಗೆ ಹೇಳಿದ ಮಾತಲ್ಲ ಅದು. ಆದರೆ ನೀನು ತೂಕಕ್ಕೆಂದು ಇದನ್ನು ಶುರು ಮಾಡಬೇಡ. ನಿಮ್ಮ ತಂದೆಗೆ ಕೊಡುವ ಮುಂಚೆ ಅವರ ಮಾತ್ರೆ ಚೀಟಿ ಹಿಡಿದು ಡಾಕ್ಟರನ್ನೊಮ್ಮೆ ಕೇಳು.

ಇನ್ನು ಸಕ್ಕರೆ ಅಚ್ಚು. ಇದಕ್ಕೆ ಬದಲಿ ಹುಡುಕುವುದನ್ನೇ ನಾನು ಬಿಟ್ಟೆ. ಒಂದು ಕಿಲೋ ಸಕ್ಕರೆಯ ಸಿಹಿಗೆ ನಾಲ್ಕೈದು ಗ್ರಾಂ ಸ್ಟೀವಿಯಾ ಸಾರ ಸಾಕು. ಹಾಗಾದರೆ ಅಚ್ಚಿಗೆ ಸುರಿಯುವುದು ಏನನ್ನು? ಪಾಯಸದಲ್ಲಿ ಸಕ್ಕರೆಯ ಕೆಲಸ ಸಿಹಿ ಕೊಡುವುದಷ್ಟೇ. ಅಚ್ಚಿನಲ್ಲಿ, ಮೈಸೂರು ಪಾಕಿನಲ್ಲಿ ಮೈ ಕಟ್ಟುವುದೂ ಅದೇ.

ಅಮ್ಮನ ಮರದ ಅಚ್ಚುಗಳು ಅಟ್ಟದ ಮೇಲಿದ್ದವು. ಬಸವ, ಗಿಳಿ, ತೇರು, ಬಾಳೆಗೊನೆ. ರಾತ್ರಿ ನೀರಿನಲ್ಲಿ ನೆನೆಸಿಟ್ಟು ಬೆಳಿಗ್ಗೆ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದೆವು. ಅರ್ಧ ಕಿಲೋ ಸಕ್ಕರೆ ಕರಗಿಸಿ, ಕುದಿಯುವಾಗ ಸ್ವಲ್ಪ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತೆ. ಬಿಳಿ ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಒಂದೊಂದೇ ಸೌಟು ಪಾಕವನ್ನು ಸಣ್ಣ ಬಾಣಲೆಗೆ ಹಾಕಿ ಮರದ ಕೋಲಿನಲ್ಲಿ ತಿರುವುತ್ತಲೇ ಇರಬೇಕು. ಅಮ್ಮ ಸ್ಟೂಲ್ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದಳು. ಬಾಣಲೆಯ ಅಂಚು ಬೆಳ್ಳಗಾದದ್ದೇ ತಡ, "ಈಗ! ಸುರಿ!" ಅಂದಳು. ಒಂದು ಗಳಿಗೆ ತಡವಾದರೆ ಬಾಣಲೆಯಲ್ಲೇ ಗಟ್ಟಿ. ಹತ್ತು ನಿಮಿಷ ಬಿಟ್ಟು ಅಚ್ಚು ಬಿಚ್ಚಿದಾಗ ಬಸವನ ಕೊರಳ ಗಂಟೆ ಕೂಡ ಮೂಡಿತ್ತು. ಅಮ್ಮ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ತಿನ್ನಲಿಲ್ಲ, ತಿನ್ನಬೇಕು ಅಂತಲೂ ಅನ್ನಲಿಲ್ಲ. ಮಾಡುವ ಸಂಭ್ರಮದಿಂದ ಅವಳನ್ನು ದೂರ ಇಟ್ಟಿದ್ದರೆ ಎಷ್ಟು ತಪ್ಪಾಗುತ್ತಿತ್ತು ಅನ್ನಿಸಿತು ನನಗೆ.

ಎಳ್ಳಿಗೂ ಬದಲಿ ಸಿಹಿ ಹಾಕಿಲ್ಲ. ಬೆಲ್ಲವನ್ನು ಅರ್ಧಕ್ಕೆ ಇಳಿಸಿ, ಅಡಕೊತ್ತಿನಲ್ಲಿ ಸಣ್ಣಗೆ ಕತ್ತರಿಸಿ ಬಿಸಿಲಿಗಿಟ್ಟಿದ್ದೇವೆ. ಕೊಬ್ಬರಿ ಜಾಸ್ತಿ, ಅದಕ್ಕೇ ಒಂದು ಸಿಹಿ ಇದೆ. ಅಮ್ಮನ ಪಾಲು ಬೇರೆ ಡಬ್ಬಿಯಲ್ಲಿ, ಬೆಲ್ಲವೇ ಇಲ್ಲದೆ.

ಈ ಸಲ ಎಳ್ಳು ಬೀರಲು ಪ್ಲಾಸ್ಟಿಕ್ ಕವರ್ ತರಲಿಲ್ಲ. ಬೀರುವಿನಲ್ಲಿ ರವಿಕೆ ಕಣಗಳ ರಾಶಿಯೇ ಇತ್ತು. ನಿಮ್ಮ ಮನೆಯಲ್ಲೂ ಇರುತ್ತೆ ನೋಡು, ಅರಿಶಿನ ಕುಂಕುಮದ ಜೊತೆ ಬಂದು ಯಾರೂ ಹೊಲಿಸದೆ ಉಳಿದವು. ಅದರಲ್ಲಿ ಅಜ್ಜಿಯ ಎಲೆಅಡಿಕೆ ಸಂಚಿಯ ಹಾಗೆ ಪುಟ್ಟ ಸಂಚಿ ಹೊಲಿದೆ. 80 ಸೆಂಟಿಮೀಟರ್ ಉದ್ದ, 90 ಅಗಲದ ಒಂದು ಕಣದಲ್ಲಿ ಹನ್ನೆರಡು ಬಂದವು. 20ಕ್ಕೆ 30ರ ತುಂಡು ಕತ್ತರಿಸು. 30ರ ಎರಡೂ ತುದಿಯನ್ನು ಮೂರು ಸೆಂಟಿಮೀಟರ್ ಒಳಗೆ ಮಡಚಿ ಹೊಲಿ, ಅದು ಲಾಡಿ ಹೋಗುವ ದಾರಿ. ಒಳಮೈ ಹೊರಗೆ ಬರುವಂತೆ ಅರ್ಧಕ್ಕೆ ಮಡಚಿ, ಲಾಡಿಯ ಬಾಯಿ ಬಿಟ್ಟು ಎರಡು ಪಕ್ಕ ಹೊಲಿದು ತಿರುಗಿಸು. ಮೆಷಿನ್ ಬೇಕಾಗಿಲ್ಲ. ನಾನು ಕೈಹೊಲಿಗೆಯಲ್ಲೇ ಮಾಡಿದೆ, ಒಂದಕ್ಕೆ ಅರ್ಧ ಗಂಟೆ. ಲಾಡಿಗೆ ಹಳೆ ಪೆಟ್ಟಿಕೋಟಿನದೇ ಸಾಕು.

ಆರು ಸಂಚಿ ನಿನಗೆ ಕಳಿಸುತ್ತಿದ್ದೇನೆ. ಐದರಲ್ಲಿ ಎಳ್ಳು ಬೆಲ್ಲ, ಒಂದೊಂದು ಅಚ್ಚು. ಹಸಿರು ಸಂಚಿ ನಿಮ್ಮ ತಂದೆಗೆ. ಅದರಲ್ಲಿ ಬೆಲ್ಲವಿಲ್ಲದ ಎಳ್ಳು, ಎರಡು ಖರ್ಜೂರದ ಉಂಡೆ, ಹತ್ತಿಯಲ್ಲಿ ಸುತ್ತಿಟ್ಟ ಬಸವ. ಬಸವನನ್ನು ಅವರ ಕೈಯಿಂದಲೇ ದೇವರ ಮುಂದೆ ಇಡಿಸು. ಕೆಂಪು ಸಂಚಿಗಳು ಬಣ್ಣ ಬಿಡುತ್ತವೆ, ಒಗೆಯುವಾಗ ಬೇರೆ ನೆನೆಸು.

ನಿನ್ನ ಗೆಳೆಯ